ಹೊಲಿಗೆ ಬಿಚ್ಚಿದ ಮೇಲೂ ಬಿಡದ ನೋವು

1996ರಲ್ಲಿ ಕ್ಯಾಲಿಫೋರ್ನಿಯಾದ ನೋವು ತಜ್ಞರ ತಂಡವೊಂದು ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ 282 ಹೆಂಗಸರ ಸಮೀಕ್ಷೆಯನ್ನು ಪ್ರಕಟಿಸಿತು. ವರ್ಷ ಕಳೆದ ಮೇಲೂ ನೋವು ಉಳಿದಿದೆಯೇ ಎಂಬುದು ಅದರ ಮುಖ್ಯ ಪ್ರಶ್ನೆ. ಸ್ತನವನ್ನೇ ತೆಗೆಸಿಕೊಂಡವರಲ್ಲಿ ನೂರಕ್ಕೆ 31 ಮಂದಿ ಹೌದು ಅಂದರು. ಅಷ್ಟು ದೊಡ್ಡ ಆಪರೇಷನ್ ಆದಮೇಲೆ ಅಷ್ಟಾದರೂ ಇದ್ದೀತು ಎನ್ನಬಹುದು. ತಲೆ ಎತ್ತಿ ನೋಡುವಂತೆ ಮಾಡಿದ್ದು ಇನ್ನೊಂದು ಸಾಲು. ಯಾವ ರೋಗವೂ ಇಲ್ಲದೆ, ಗಾತ್ರ ಹೆಚ್ಚಿಸಿಕೊಳ್ಳುವುದಕ್ಕೆಂದು ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 38 ಮಂದಿಗೆ ನೋವು ಹೋಗಿರಲಿಲ್ಲ. ಗಾತ್ರ ಇಳಿಸಿಕೊಂಡವರಲ್ಲಿ ಈ ಪ್ರಮಾಣ 22. ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಅಡಿಯಲ್ಲಿ ಇಟ್ಟಿದ್ದರೆ ನೋವು ಉಳಿಯುವ ಸಂಭವ, ಸ್ನಾಯುವಿನ ಮೇಲೆ ಇಟ್ಟಾಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಸಮೀಕ್ಷೆ ಚಿಕ್ಕದು, ಅಂಕಿಗಳನ್ನು ಕಲ್ಲಿನಲ್ಲಿ ಕೊರೆಯಬೇಕಾಗಿಲ್ಲ. ಆದರೂ ಅದು ಹೇಳುವ ಮಾತು ದೊಡ್ಡದು. ಆಪರೇಷನ್ ಯಾಕೆ ಮಾಡಿಸಿಕೊಂಡಿರಿ ಎಂಬುದು ನರಕ್ಕೆ ಗೊತ್ತಾಗುವುದಿಲ್ಲ. ಜೀವ ಉಳಿಸುವ ಚಾಕುವಿಗೂ ಮೂಗು ತಿದ್ದುವ ಚಾಕುವಿಗೂ ನರದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ವಿಚಿತ್ರವೆಂದರೆ, ಶಸ್ತ್ರಚಿಕಿತ್ಸೆಯೇ ದೀರ್ಘಕಾಲದ ನೋವಿನ ಒಂದು ಮುಖ್ಯ ಕಾರಣ ಎಂಬುದು ವೈದ್ಯಲೋಕದ ಗಮನಕ್ಕೆ ಬಂದದ್ದೇ ತೀರ ತಡವಾಗಿ. 1998ರಲ್ಲಿ ಉತ್ತರ ಬ್ರಿಟನ್ನಿನ 10 ನೋವು ಚಿಕಿತ್ಸಾಲಯಗಳ 5,000ಕ್ಕೂ ಹೆಚ್ಚು ರೋಗಿಗಳ ವಿವರವನ್ನು ಕ್ರಾಂಬಿ, ಡೇವಿಸ್, ಮಕ್ರೇ ಎಂಬ ಮೂವರು ಜಾಲಾಡಿದಾಗ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಮ್ಮ ನೋವಿಗೆ ಹಿಂದಿನ ಯಾವುದೋ ಆಪರೇಷನ್ ಕಾರಣ ಎಂದದ್ದು ಕಂಡಿತು. ಅಲ್ಲಿಯವರೆಗೆ ಶಸ್ತ್ರವೈದ್ಯರು ನೋಡುತ್ತಿದ್ದದ್ದು ಗಾಯವನ್ನು, ನೋವು ತಜ್ಞರು ನೋಡುತ್ತಿದ್ದದ್ದು ನೋವನ್ನು. ಇವರು ಬರೆದದ್ದನ್ನು ಅವರು ಓದುತ್ತಿರಲಿಲ್ಲ. 2006ರಲ್ಲಿ ಕೆಲೆಟ್, ಯೆನ್ಸನ್, ವುಲ್ಫ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ವಿಮರ್ಶೆ ಇನ್ನೂ ನೇರವಾಗಿತ್ತು: ಸಾಮಾನ್ಯ ಆಪರೇಷನ್‌ಗಳ ನಂತರ, ಆಪರೇಷನ್ ಯಾವುದೆಂಬುದನ್ನು ಅವಲಂಬಿಸಿ, ನೂರಕ್ಕೆ 10ರಿಂದ 50 ಮಂದಿಯಲ್ಲಿ ನೋವು ಉಳಿಯುತ್ತದೆ, ಅದು ತೀವ್ರವಾಗಿರುವುದು 2ರಿಂದ 10 ಮಂದಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಈ ನೋವಿಗೆ ಅದರಲ್ಲಿ ಸ್ವಂತ ಜಾಗ ಸಿಕ್ಕಿತು. ಆಪರೇಷನ್ ನಂತರ ಹುಟ್ಟಿದ ಅಥವಾ ಹೆಚ್ಚಿದ ನೋವು, ಮಾಗುವ ಅವಧಿ ಮುಗಿದ ಮೇಲೂ, ಅಂದರೆ ಕನಿಷ್ಠ 3 ತಿಂಗಳಾದರೂ ಇದ್ದರೆ ಅದನ್ನೊಂದು ಕಾಯಿಲೆಯೆಂದೇ ಪರಿಗಣಿಸಬೇಕು.

ಮೂರು ತಿಂಗಳ ಗೆರೆಗೆ ಅರ್ಥವಿದೆ. ಕತ್ತರಿಸಿದ ಜಾಗದಲ್ಲಿ ಮೊದಲ ದಿನಗಳಲ್ಲಿ ಉರಿಯೂತದ ರಾಸಾಯನಿಕಗಳು ಸುರಿಯುತ್ತವೆ, ನರದ ತುದಿಗಳು ಸೂಕ್ಷ್ಮವಾಗುತ್ತವೆ, ಮುಟ್ಟಿದರೆ ನೋಯುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೆಲಸ ಮಾಡುವುದು ಈ ಹಂತದಲ್ಲಿ. ವಾರಗಳು ಕಳೆದಂತೆ ಊತ ಇಳಿಯುತ್ತದೆ, ಕಲೆಯ ಅಂಗಾಂಶ ಗಟ್ಟಿಯಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಅದಕ್ಕೆ ಮೂಲ ಚರ್ಮದ ನೂರಕ್ಕೆ 80ರಷ್ಟು ಬಲ ಬಂದಿರುತ್ತದೆ. ಕನ್ನಡಿಯ ಮುಂದೆ ನಿಂತರೆ ಎಲ್ಲ ಸರಿಯಾಗಿದೆ. ಆದರೆ ರವಿಕೆಯ ಅಂಚು ತಗುಲಿದರೆ ಉರಿ, ಮಗ್ಗುಲಾದರೆ ಸೂಜಿ ಚುಚ್ಚಿದ ಹಾಗೆ, ಸುಮ್ಮನೆ ಕೂತಿದ್ದಾಗ ಕರೆಂಟು ಹೊಡೆದಂಥ ಒಂದು ಸೆಳೆತ. ಗಾಯ ಮಾಗಿದೆ, ನರ ಮಾಗಿಲ್ಲ.

ಆ ನರವನ್ನು ಹತ್ತಿರದಿಂದ ನೋಡೋಣ. ಮುಖದ ಸುಕ್ಕು ಬಿಗಿಸುವ ಫೇಸ್‌ಲಿಫ್ಟ್ ಎಂದೊಡನೆ ಎಲ್ಲರೂ ಹೆದರುವುದು ಬಾಯಿ ಸೊಟ್ಟಗಾದೀತೆಂದು. ಆದರೆ ಫೇಸ್‌ಲಿಫ್ಟ್‌ನಲ್ಲಿ ಅತಿ ಹೆಚ್ಚು ಸಲ ಪೆಟ್ಟು ತಿನ್ನುವುದು ಮುಖದ ಸ್ನಾಯುಗಳನ್ನು ಆಡಿಸುವ ನರವಲ್ಲ, ಕಿವಿಯ ಹಾಲೆಗೆ ಸ್ಪರ್ಶ ಕೊಡುವ ನರ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನೋಡಿಕೊಂಡರೆ ಕಿವಿಯ ಹಿಂಬದಿಯಿಂದ ಎದೆಮೂಳೆಯ ತನಕ ಹುರಿಗಟ್ಟಿದ ಸ್ನಾಯುವೊಂದು ಎದ್ದು ಕಾಣುತ್ತದೆ. ಕಿವಿಯ ರಂಧ್ರದಿಂದ ಸುಮಾರು ಆರೂವರೆ ಸೆಂಟಿಮೀಟರ್ ಕೆಳಗೆ, ಆ ಸ್ನಾಯುವಿನ ನಡುಮಧ್ಯ, ಈ ನರ ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಪ್ಲಾಸ್ಟಿಕ್ ಸರ್ಜನ್ನರು ಇದನ್ನು ಮೆಕಿನ್ನಿ ಬಿಂದು ಎಂದು ಕರೆದು, ಎಷ್ಟೋ ಸಲ ಆಪರೇಷನ್‌ಗೆ ಮುಂಚೆ ಶಾಯಿಯಿಂದ ಗುರುತು ಹಾಕಿಕೊಳ್ಳುತ್ತಾರೆ. ಇಷ್ಟಾದರೂ ನರ ಕೆಲವೊಮ್ಮೆ ಸಿಕ್ಕಿಬೀಳುತ್ತದೆ: ತುಂಡಾಗಬಹುದು, ಹೊಲಿಗೆಯೊಳಗೆ ಸಿಲುಕಬಹುದು, ಎಳೆಯುವ ಭರದಲ್ಲಿ ಹಿಗ್ಗಬಹುದು, ಬಿಸಿ ಸಲಾಕೆಯಿಂದ ರಕ್ತ ನಿಲ್ಲಿಸುವಾಗ ಸುಡಬಹುದು. ಆಮೇಲೆ ಓಲೆ ಹಾಕಿಕೊಂಡದ್ದು ಗೊತ್ತಾಗುವುದಿಲ್ಲ, ಕಿವಿ ಮರದ ತುಂಡಿನಂತೆ. ಎಷ್ಟೋ ಜನಕ್ಕೆ ಅಷ್ಟೇ. ಕಾಲಕ್ರಮೇಣ ಸ್ಪರ್ಶ ಮರಳುತ್ತದೆ, ಇಲ್ಲವೇ ಮರಳದಿದ್ದರೂ ಅಭ್ಯಾಸವಾಗುತ್ತದೆ. ಕೆಲವರಿಗೆ ಮಾತ್ರ ಅದೇ ಮರಗಟ್ಟಿದ ಕಿವಿ ಉರಿಯತೊಡಗುತ್ತದೆ.

ಸ್ಪರ್ಶವೇ ಇಲ್ಲದ ಕಡೆ ನೋವು ಹೇಗೆ ಬಂದೀತು? ರೋಗಿಯ ಮನೆಯವರಿಗೆ, ಒಮ್ಮೊಮ್ಮೆ ಡಾಕ್ಟರಿಗೂ, ಅನುಮಾನ ಹುಟ್ಟುವುದು ಇಲ್ಲೇ. ಉತ್ತರ ನರದ ಸ್ವಭಾವದಲ್ಲಿದೆ. ನರ ತುಂಡಾದರೆ ಆಚೆ ತುದಿ ಕೆಲವು ದಿನಗಳಲ್ಲಿ ಶಿಥಿಲವಾಗುತ್ತದೆ. ಇದನ್ನು ಇಂಗ್ಲೆಂಡಿನ ಅಗಸ್ಟಸ್ ವಾಲರ್ 1850ರಷ್ಟು ಹಿಂದೆಯೇ ಕಪ್ಪೆಯ ನಾಲಗೆಯ ನರ ಕತ್ತರಿಸಿ ತೋರಿಸಿದ್ದ. ಬೆನ್ನುಹುರಿಯ ಕಡೆಗಿರುವ ಈಚೆ ತುದಿ ಸಾಯುವುದಿಲ್ಲ. ಅದು ಚಿಗುರುತ್ತದೆ, ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಹಳೆಯ ನಾಳ ಎದುರಿಗೆ ಸಿಕ್ಕರೆ ಅದರೊಳಗೆ ನುಗ್ಗಿ ಚರ್ಮ ಮುಟ್ಟುತ್ತದೆ. ಎದುರಿಗೆ ಕಲೆಯ ಗಟ್ಟಿ ಅಂಗಾಂಶ ಅಡ್ಡಬಂದರೆ, ಚಪ್ಪರ ಸಿಗದ ಹಾಗಲಬಳ್ಳಿ ತನ್ನನ್ನೇ ಸುತ್ತಿಕೊಂಡ ಹಾಗೆ ಚಿಗುರುಗಳೆಲ್ಲ ಒಂದರೊಳಗೊಂದು ಹೆಣೆದು ಗಂಟಾಗುತ್ತವೆ. ಇದೇ ನ್ಯೂರೋಮಾ. ಅದರ ಪೊರೆಯಲ್ಲಿ ಸೋಡಿಯಂ ಕಾಲುವೆಗಳು, ಅಂದರೆ ನರದಲ್ಲಿ ವಿದ್ಯುತ್ ಸಂದೇಶ ಹೊತ್ತಿಸುವ ಪ್ರೋಟೀನ್ ಬಾಗಿಲುಗಳು, ಅಗತ್ಯಕ್ಕಿಂತ ದಟ್ಟವಾಗಿ ಸೇರಿಕೊಳ್ಳುತ್ತವೆ. ಆಗ ಯಾರೂ ಮುಟ್ಟದಿದ್ದರೂ ಗಂಟು ತಾನಾಗಿಯೇ ಸಂದೇಶ ಕಳಿಸುತ್ತದೆ. ಮಿದುಳಿಗೆ ಗಂಟು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈ ತಂತಿ ಕಿವಿಯ ಹಾಲೆಯಿಂದ ಬರುತ್ತದೆ ಎಂಬುದಷ್ಟೇ. ಹಾಗಾಗಿ ಹಾಲೆ ಉರಿಯುತ್ತದೆ, ಹಾಲೆಗೆ ಸ್ಪರ್ಶ ಇಲ್ಲದಿದ್ದರೂ.

ಮಿದುಳಿನ ಈ ನಕಾಶೆ ಎಷ್ಟು ಹಟಮಾರಿ ಎಂಬುದಕ್ಕೆ ಮೂಗು ಕಟ್ಟುವ ನಮ್ಮ ಹಳೆಯ ಶಸ್ತ್ರವಿದ್ಯೆಯೇ ಸಾಕ್ಷಿ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಯವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಕುಂಬಾರ ವೃತ್ತಿಯ ಕುಶಲಿಯೊಬ್ಬ ಹಣೆಯ ಚರ್ಮ ಬಿಡಿಸಿ, ಬುಡ ಕತ್ತರಿಸದೆ ತಿರುಚಿ ಕೆಳಗಿಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಇದರ ಚಿತ್ರಸಹಿತ ವರದಿ ಅಚ್ಚುಹಾಕಿತು. 1814ರಲ್ಲಿ ಜೋಸೆಫ್ ಕಾರ್ಪ್ಯು ಲಂಡನ್ನಿನಲ್ಲಿ ಅದೇ ವಿಧಾನ ಅನುಸರಿಸಿದ. ಹಣೆಯ ಚರ್ಮದ ಮೂಗು ಇಂದಿಗೂ ಚಾಲ್ತಿಯಲ್ಲಿದೆ. ಆ ಬುಡದ ಸಂಪರ್ಕ ಉಳಿದಿರುವಷ್ಟು ದಿನ ಹೊಸ ಮೂಗನ್ನು ಮುಟ್ಟಿದರೆ ರೋಗಿಗೆ ಹಣೆ ಮುಟ್ಟಿದಂತೆ ಅನ್ನಿಸಬಹುದು. ನೊಣ ಕೂತದ್ದು ಮೂಗಿನ ಮೇಲೆ, ಕೈ ಹೋಗುವುದು ಹಣೆಗೆ. ಇದನ್ನು ಯಾರೂ ಭ್ರಮೆ ಎನ್ನುವುದಿಲ್ಲ. ಹಾಗಿದ್ದ ಮೇಲೆ ಉರಿಯುವ ಕಿವಿಯನ್ನು ಯಾಕೆ ಭ್ರಮೆ ಎನ್ನಬೇಕು?

ಕಿವಿಯದೊಂದು ಉದಾಹರಣೆ ಅಷ್ಟೆ. ಹೊಟ್ಟೆಯ ಜೋಲು ಚರ್ಮ ತೆಗೆಯುವ ಟಮಿ ಟಕ್‌ನಲ್ಲಿ ಸೊಂಟದೆಲುಬಿನ ಒಳಬದಿಯಲ್ಲಿ ಹಾಯುವ ನರಕ್ಕೆ ಪೆಟ್ಟಾದರೆ ಉರಿ ಕಾಣಿಸಿಕೊಳ್ಳುವುದು ತೊಡೆಯ ಹೊರಬದಿಯಲ್ಲಿ. ಆಪರೇಷನ್ ಹೊಟ್ಟೆಗೆ, ನೋವು ತೊಡೆಗೆ. ಎರಡಕ್ಕೂ ಸಂಬಂಧವಿದೆ ಎಂದು ರೋಗಿಗೆ ಹೊಳೆಯುವುದೇ ಇಲ್ಲ. ಸ್ತನದಲ್ಲಾದರೆ ಪಕ್ಕೆಲುಬುಗಳ ನಡುವಿನಿಂದ ಬರುವ ನರಗಳು, ಅದರಲ್ಲೂ ತೊಟ್ಟಿಗೆ ಸ್ಪರ್ಶ ಕೊಡುವ ನಾಲ್ಕನೆಯದು. ಕೂದಲು ಕಸಿಗೆ ತಲೆಯ ಹಿಂಭಾಗದಿಂದ ಪಟ್ಟಿ ಎತ್ತಿದರೆ ಅಲ್ಲಿನ ನರಗಳಿಗೂ ಇದೇ ಪಾಡು ಬರಬಹುದು. ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಇನ್ನೊಂದು ಬಗೆಯ ನೋವೂ ಇದೆ. ಹೊರಗಿನ ವಸ್ತುವಿನ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ, ಕೆಲವರಲ್ಲಿ ಆ ಪೊರೆ ಬಿಗಿಯುತ್ತ ಹೋಗಿ ಸ್ತನ ಕಲ್ಲಾಗುತ್ತದೆ. ಇದನ್ನು ಬೇಕರ್ ಎಂಬವರ ಅಳತೆಗೋಲಿನಲ್ಲಿ ನಾಲ್ಕು ದರ್ಜೆ ಮಾಡುತ್ತಾರೆ. ನಾಲ್ಕನೆಯದು ನೋವಿನ ದರ್ಜೆ. ಇದಕ್ಕೆ ನರದ ಮಾತ್ರೆ ನುಂಗಿ ಪ್ರಯೋಜನವಿಲ್ಲ, ಪೊರೆಯನ್ನೇ ತೆಗೆಯಬೇಕಾಗುತ್ತದೆ. ಆಪರೇಷನ್ ಆದಮೇಲೆ ಉಳಿಯುವ ನೋವೆಲ್ಲ ಒಂದೇ ಬಗೆಯದಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಕಥೆಯ ಎರಡನೇ ಭಾಗ ನಡೆಯುವುದು ಬೆನ್ನುಹುರಿಯಲ್ಲಿ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಪಾದಕ್ಕೆ ಗಾಯವಾದ ಮೇಲೆ ಬದಲಾವಣೆ ಆಗುವುದು ಪಾದದಲ್ಲಷ್ಟೇ ಅಲ್ಲ, ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮವಾಗುತ್ತವೆ ಎಂದು ಅದು ತೋರಿಸಿತು. ಮೊದಲು ಸ್ಪರ್ಶ ಎಂದು ದಾಖಲಾಗುತ್ತಿದ್ದ ಸಂದೇಶ ಈಗ ನೋವೆಂದು ದಾಖಲಾಗುತ್ತದೆ. ದುಪಟ್ಟಾ ಸೋಕಿದರೂ ಕುತ್ತಿಗೆ ಉರಿಯುವುದು, ಫ್ಯಾನಿನ ಗಾಳಿಗೂ ಹೊಟ್ಟೆಯ ಚರ್ಮ ಬೆದರುವುದು, ನೋವು ಗಾಯದ ಗೆರೆ ದಾಟಿ ಸುತ್ತಲೂ ಹರಡುವುದು ಇದರಿಂದ. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವು ವಿಪರೀತವಾಗಿದ್ದವರಲ್ಲಿ, ಮೊದಲೇ ಬೇರೆ ಯಾವುದೋ ನೋವಿನಿಂದ ಬಳಲುತ್ತಿದ್ದವರಲ್ಲಿ, ಆತಂಕ ಹೆಚ್ಚಿದ್ದವರಲ್ಲಿ ನೋವು ಉಳಿಯುವ ಸಂಭವ ಹೆಚ್ಚು ಎಂದು ಒಂದಾದ ಮೇಲೊಂದು ಅಧ್ಯಯನ ಹೇಳಿದೆ. ಮೊದಲ ವಾರದ ನೋವನ್ನು ಹಲ್ಲುಕಚ್ಚಿ ಸಹಿಸುವುದು ಶೌರ್ಯವಲ್ಲ. ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದೇ ಜಾಣತನ.

ಆತಂಕ ಎಂದಾಕ್ಷಣ ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎನ್ನುವವರು ಸಿದ್ಧವಾಗಿರುತ್ತಾರೆ. ಸೌಂದರ್ಯ ಚಿಕಿತ್ಸೆಯ ರೋಗಿಗೆ ಇದರ ಜೊತೆಗೆ ಇನ್ನೊಂದು ಏಟು: ‘ಯಾರು ಮಾಡಿಸಿಕೋ ಅಂದಿದ್ದರು?’ ಅತ್ತೆ ಹೇಳುತ್ತಾರೆ, ಗಂಡ ಹೇಳುತ್ತಾನೆ, ನರ್ಸ್ ಕೂಡ ಗೊಣಗುತ್ತಾಳೆ. ನಮ್ಮಲ್ಲಿ ಎಷ್ಟೋ ಮಂದಿ ಇಂಥ ಆಪರೇಷನ್ನನ್ನು ಮನೆಯಲ್ಲೇ ಗುಟ್ಟಾಗಿಡುತ್ತಾರೆ. ಗುಟ್ಟಾಗಿಟ್ಟ ಆಪರೇಷನ್ನಿನ ನೋವೂ ಗುಟ್ಟಾಗಿಯೇ ಇರಬೇಕಾಗುತ್ತದೆ. ಆರೋಗ್ಯ ವಿಮೆಯ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆ ಇದೆ, ಹಾಗಾಗಿ ಖರ್ಚು ಕೈಯಿಂದಲೇ. ಜಾಹೀರಾತಿನ ‘ಮೊದಲು’, ‘ನಂತರ’ ಜೋಡಿ ಫೋಟೊಗಳಲ್ಲಿ ನೋವು ಕಾಣುವುದಿಲ್ಲ. ಆ ಫೋಟೊದ ಲೆಕ್ಕದಲ್ಲಿ ಈ ರೋಗಿಯೂ ಯಶಸ್ಸಿನ ಕಥೆ.

ಅರ್ಥವೂ ನೋವನ್ನು ಹೆಚ್ಚುಕಡಿಮೆ ಮಾಡುತ್ತದೆ ಎಂಬುದಕ್ಕೆ ಹಳೆಯ ಆಧಾರವಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿನ ಮದ್ದು ಬೇಕೇ ಎಂದು ಕೇಳಿ 1946ರಲ್ಲಿ ಅದನ್ನು ಬರೆದ. ನಾಲ್ವರಲ್ಲಿ ಮೂವರಷ್ಟು ಬೇಡ ಅಂದಿದ್ದರು. ಅವರಿಗೆ ಗಾಯವೆಂದರೆ ಯುದ್ಧ ಮುಗಿದು ಊರಿಗೆ ಹೊರಟ ರಹದಾರಿ. ಹಾಗಾದರೆ ತಾನೇ ಹಣ ಕೊಟ್ಟು ಮಾಡಿಸಿಕೊಂಡ, ಯಾರಿಗೂ ಹೇಳಲಾಗದ, ತಪ್ಪು ಮಾಡಿದೆನೇ ಎಂದು ಪ್ರತಿರಾತ್ರಿ ಕೆದಕುವ ಗಾಯದ ನೋವು ಎಷ್ಟಿದ್ದೀತು? ಮನಸ್ಸು ನೋವನ್ನು ಸೃಷ್ಟಿಸಿತು ಎಂದು ಇದರರ್ಥವಲ್ಲ. ಇರುವ ನೋವಿನ ದನಿಯನ್ನು ಏರಿಸುವ ತಿರುಪು ಮನಸ್ಸಿನ ಕೈಯಲ್ಲೂ ಇದೆ, ಅಷ್ಟೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತಿದ್ದಿ ಬರೆದ ವ್ಯಾಖ್ಯೆಯೂ ನೋವನ್ನು ಸಂವೇದನೆ ಮತ್ತು ಭಾವನೆ ಎರಡೂ ಸೇರಿದ ಅನುಭವ ಎನ್ನುತ್ತದೆ. ಜೊತೆಗೆ, ರೋಗಿ ನೋವಿದೆ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು ಎಂದೂ ಸೇರಿಸುತ್ತದೆ. ಹೀಗಿರುವಾಗ ‘ಯಾರು ಮಾಡಿಸಿಕೋ ಅಂದಿದ್ದರು’ ಎಂಬುದು ಬರಿಯ ಒರಟು ಮಾತಲ್ಲ, ರೋಗ ಹೆಚ್ಚಿಸುವ ಮಾತು.

ಈಗ ಏನು ಮಾಡಬೇಕು ಎಂಬ ವಿಷಯ. ಮೊದಲು, ಕಾಯಬಾರದ ನೋವುಗಳು. ಜ್ವರ, ಕೀವು, ಹಬ್ಬುತ್ತಿರುವ ಕೆಂಪು, ಒಂದೇ ಬದಿ ದಿಢೀರನೆ ಊದಿಕೊಳ್ಳುವುದು, ಮೀನಖಂಡದ ನೋವಿನೊಂದಿಗೆ ಏದುಸಿರು — ಇವು ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು. ಇಂಪ್ಲಾಂಟ್ ಹಾಕಿಸಿ ವರ್ಷಗಳೇ ಆದಮೇಲೆ ಒಂದು ಸ್ತನ ಊದಿಕೊಂಡರೂ ತಪ್ಪದೆ ತೋರಿಸಬೇಕು. ಒರಟು ಮೈಯ ಕೆಲವು ಇಂಪ್ಲಾಂಟ್‌ಗಳ ಸುತ್ತ ಲಿಂಫೋಮ ಎಂಬ ಅಪರೂಪದ ಕ್ಯಾನ್ಸರ್ ಹುಟ್ಟುವುದು ಗೊತ್ತಾಗಿ 2019ರಲ್ಲಿ ಅಂಥ ಮಾದರಿಯನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಇವೆಲ್ಲ ಅಲ್ಲ ಎಂದಾದರೆ, ಡಾಕ್ಟರ ಎದುರು ‘ನೋವು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಉರಿಯೇ, ಕೊರೆಯುವ ತಣ್ಣನೆಯೇ, ಕರೆಂಟು ಹೊಡೆದಂತೆಯೇ, ಜುಮುಜುಮು ಎನ್ನುತ್ತದೆಯೇ, ಮರಗಟ್ಟಿದೆಯೇ, ತುರಿಸುತ್ತದೆಯೇ? ನರದ ನೋವನ್ನು ಪತ್ತೆಹಚ್ಚುವ ಪ್ರಶ್ನಾವಳಿಗಳು ಕೇಳುವುದು ಇವನ್ನೇ. ಜಾಗವನ್ನು ಒಂದು ಬೆರಳಿನಿಂದ ತೋರಿಸಲು ಬರುತ್ತದೆಯೋ, ಅಂಗೈ ಅಗಲ ಬೇಕೋ ನೋಡಿಕೊಳ್ಳಿ. ಡಾಕ್ಟರು ಕಲೆಯ ಉದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಂದು ಬಿಂದುವಿನಲ್ಲಿ ತಟ್ಟಿದಾಗ ದೂರಕ್ಕೆ ಮಿಂಚು ಹರಿದರೆ ಅದು ಟಿನೆಲ್ ಗುರುತು, ಕೆಳಗೆ ಪೆಟ್ಟಾದ ಅಥವಾ ಚಿಗುರುತ್ತಿರುವ ನರವಿದೆ. ಅದೇ ಬಿಂದುವಿಗೆ ಒಂದಿಷ್ಟು ಮರವಿನ ಮದ್ದು ಚುಚ್ಚಿದಾಗ ನಿಮಿಷಗಳಲ್ಲಿ ನೋವು ಮಾಯವಾದರೆ ಅಪರಾಧಿ ಸಿಕ್ಕಂತೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದು ಯಾರಾದರೂ ಹೇಳಿದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಚರ್ಮದ ಇಂಥ ಸಣ್ಣ ನರಗಳು ಸ್ಕ್ಯಾನಿಗೆ ಸುಲಭವಾಗಿ ಸಿಗುವುದಿಲ್ಲ.

ಔಷಧಿಗಳ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ನಾಟುವುದು ಕಡಿಮೆ. ಕೊಡುವುದು ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಚೀಟಿ ಹಿಡಿದು ಗೂಗಲ್ ಮಾಡಿದವರು ‘ಖಿನ್ನತೆಯ ಮಾತ್ರೆ’, ‘ಮೂರ್ಛೆರೋಗದ ಮಾತ್ರೆ’ ಎಂದು ಓದಿ ಗಾಬರಿಯಾಗುತ್ತಾರೆ. ಅವು ನರದ ಸಂದೇಶ ತಗ್ಗಿಸುವ ಮದ್ದುಗಳು, ಬೇರೆ ಕಾಯಿಲೆಗಳಿಗೂ ಬಳಕೆಯಲ್ಲಿವೆ. 2015ರ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಅಮಿಟ್ರಿಪ್ಟಿಲಿನ್ ಗುಂಪಿನ ಮದ್ದನ್ನು ಸುಮಾರು ನಾಲ್ವರಿಗೆ ಕೊಟ್ಟರೆ ಒಬ್ಬರ ನೋವು ಅದರ ದೆಸೆಯಿಂದ ಅರ್ಧಕ್ಕಿಳಿಯುತ್ತದೆ. ಪ್ರಿಗ್ಯಾಬಲಿನ್ ಆದರೆ ಏಳೆಂಟು ಮಂದಿಗೆ ಕೊಟ್ಟಾಗ ಒಬ್ಬರಿಗೆ. ಒಂದು ಹಿಡಿಸಲಿಲ್ಲವೆಂದರೆ ಇನ್ನೊಂದು ಹಿಡಿಸಬಹುದು. ಕಡಿಮೆ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ನೋಡಬೇಕು. ತೂಕಡಿಕೆ, ಬಾಯಿ ಒಣಗುವುದು, ತಲೆಸುತ್ತು ಮೊದಲಿಗೆ ಇದ್ದದ್ದೇ. ಡಾಕ್ಟರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು.

ನೋವಿರುವುದು ಅಂಗೈ ಅಗಲದ ಜಾಗದಲ್ಲೇ ಆದರೆ ಮರವಿನ ಮದ್ದಾದ ಲಿಗ್ನೋಕೇನಿನ ಪಟ್ಟಿ ಅಂಟಿಸಬಹುದು. ಇನ್ನೊಂದು ಪಟ್ಟಿಯಲ್ಲಿರುವುದು ಮೆಣಸಿನಕಾಯಿಯ ಖಾರದ ಸತ್ವ ಕ್ಯಾಪ್ಸೈಸಿನ್, ನೂರಕ್ಕೆ 8ರ ಪ್ರಮಾಣದಲ್ಲಿ. ಖಾರ ಮತ್ತು ಸುಡುಬಿಸಿ ಎರಡನ್ನೂ ಗುರುತಿಸುವ ನರದ ಗ್ರಾಹಕವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಪತ್ತೆಹಚ್ಚಿತು, ಆತನಿಗೆ 2021ರ ನೊಬೆಲ್ ಬಂತು. ಆ ಗ್ರಾಹಕವನ್ನು ಒಮ್ಮೆಲೇ ಖಾರದಲ್ಲಿ ಮುಳುಗಿಸಿದರೆ ನರದ ತುದಿಗಳು ಸೋತು ಚರ್ಮದಿಂದ ಹಿಂದೆ ಸರಿಯುತ್ತವೆ, ಕೆಲವರಿಗೆ ಎರಡು-ಮೂರು ತಿಂಗಳು ಬಿಡುವು ಸಿಗುತ್ತದೆ. ಇದನ್ನು ಅಂಟಿಸುವುದು ವೈದ್ಯರ ಕಣ್ಣೆದುರು, ಅದೂ ಮುಖಕ್ಕಲ್ಲ. ಮನೆಯಲ್ಲಿ ಬ್ಯಾಡಗಿ ಮೆಣಸು ಅರೆದು ಹಚ್ಚಿಕೊಳ್ಳುವ ಪ್ರಯೋಗ ದಯವಿಟ್ಟು ಬೇಡ. ಅದರ ಖ್ಯಾತಿ ಬಣ್ಣಕ್ಕೇ ಹೊರತು ಖಾರಕ್ಕಲ್ಲ, ಚರ್ಮ ಸುಡುವುದಕ್ಕೆ ಮಾತ್ರ ಅಷ್ಟೂ ಸಾಕು.

ಬೆದರಿದ ಚರ್ಮವನ್ನು ಪಳಗಿಸುವ ಕೆಲಸ ಮನೆಯಲ್ಲೇ ಆಗುವಂಥದ್ದು. ಮೊದಲು ಹತ್ತಿ, ಅದು ಒಗ್ಗಿದ ಮೇಲೆ ರೇಷ್ಮೆ, ಆಮೇಲೆ ನೂಲು, ಕೊನೆಗೆ ಟವೆಲ್ಲು — ದಿನಕ್ಕೆ ನಾಲ್ಕಾರು ಸಲ, ಒಮ್ಮೆಗೆ ಕೆಲವೇ ನಿಮಿಷ, ಮೆಲ್ಲಗೆ ಸವರುವುದು. ಫಿಸಿಯೊಥೆರಪಿಸ್ಟರು ಹೇಳಿಕೊಡುತ್ತಾರೆ. ಬೆನ್ನುಹುರಿಗೆ ‘ಇದು ಸ್ಪರ್ಶ, ಅಪಾಯವಲ್ಲ’ ಎಂದು ಮತ್ತೆ ಕಲಿಸುವ ಪಾಠ ಇದು. ಎದೆಗೆ ಆಪರೇಷನ್ ಆದವರು ನೋವಿಗೆ ಹೆದರಿ ತೋಳೆತ್ತದೆ ಇದ್ದರೆ ಭುಜವೂ ಹಿಡಿದುಕೊಂಡು ನೋವು ಎರಡಾಗುತ್ತದೆ.

ಗಂಟು ಖಚಿತವಾಗಿ ಸಿಕ್ಕಿದ್ದರೆ, ಮದ್ದು ಸೋತಿದ್ದರೆ, ಮತ್ತೊಂದು ಆಪರೇಷನ್ನಿನ ಮಾತು ಬರುತ್ತದೆ. ಮೊದಲೆಲ್ಲ ಗಂಟು ಕತ್ತರಿಸಿ ತುದಿಯನ್ನು ಸ್ನಾಯುವಿನಲ್ಲಿ ಹೂತುಬಿಡುತ್ತಿದ್ದರು. ಎಷ್ಟೋ ಸಲ ಗಂಟು ಮತ್ತೆ ಬೆಳೆಯುತ್ತಿತ್ತು. ಈಗಿನ ದಾರಿ ಬೇರೆ. ಕೃತಕ ತೋಳನ್ನು ನರದಿಂದಲೇ ಆಡಿಸಬೇಕೆಂದು ಷಿಕಾಗೊದ ಟಾಡ್ ಕೈಕನ್ ಮತ್ತು ಗ್ರೆಗರಿ ಡುಮೇನಿಯನ್ 2000ದ ದಶಕದ ಆರಂಭದಲ್ಲಿ, ಕೈ ಕಳೆದುಕೊಂಡವರ ನರದ ತುದಿಯನ್ನು ಹತ್ತಿರದ ಸ್ನಾಯುವಿನ ಚಿಕ್ಕ ನರಕ್ಕೆ ಹೊಲಿದರು. ತೋಳು ಆಡಿತು, ಜೊತೆಗೆ ಗಂಟಿನ ನೋವೂ ಇಳಿದದ್ದು ಗಮನಕ್ಕೆ ಬಂತು. ಮಾಡಲು ಕೆಲಸ ಸಿಕ್ಕ ನರ ಗಂಟಾಗುವುದು ಕಡಿಮೆ. ಪ್ಲಾಸ್ಟಿಕ್ ಸರ್ಜರಿ ತಂದ ನೋವಿಗೆ ಪ್ಲಾಸ್ಟಿಕ್ ಸರ್ಜನ್ನರೇ ಉತ್ತರ ಹುಡುಕುತ್ತಿರುವುದು ನನಗೆ ಈ ಇಡೀ ಕಥೆಯಲ್ಲಿ ಹಿಡಿಸಿದ ಭಾಗ. ಇತ್ತ ಔಷಧಲೋಕದಲ್ಲಿ ಸೋಡಿಯಂ ಕಾಲುವೆಯೊಂದನ್ನೇ ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಸದ್ಯಕ್ಕೆ ತಾತ್ಕಾಲಿಕ ತೀವ್ರ ನೋವಿಗೆ ಮಾತ್ರ.

ಇನ್ನೂ ಆಪರೇಷನ್ ಮಾಡಿಸಿಕೊಳ್ಳದವರಿಗೆ ಒಂದು ಮಾತು. ಸರ್ಜನ್ನರನ್ನು ಕೇಳಬೇಕಾದದ್ದು ‘ಕಲೆ ಉಳಿಯುತ್ತದೆಯೇ’ ಎಂದಷ್ಟೇ ಅಲ್ಲ. ಈ ಆಪರೇಷನ್‌ನಲ್ಲಿ ಯಾವ ನರ ದಾರಿಯಲ್ಲಿದೆ, ನಿಮ್ಮ ರೋಗಿಗಳಲ್ಲಿ ಆರು ತಿಂಗಳ ನಂತರವೂ ನೋವೆಂದವರು ಎಷ್ಟು, ಹಾಗಾದರೆ ನೀವು ಯಾರ ಬಳಿ ಕಳಿಸುತ್ತೀರಿ ಎಂದು ಕೇಳಿ. ನೋವೇ ಬರುವುದಿಲ್ಲ ಎಂದು ನಗುತ್ತ ಹೇಳುವವರಿಗಿಂತ, ಬರಬಹುದು, ಬಂದರೆ ಹೀಗೆ ಮಾಡೋಣ ಎನ್ನುವವರು ಮೇಲು.

ಆಪರೇಷನ್ ಆಗಿ ಮೂರು ತಿಂಗಳು ದಾಟಿದ್ದು, ನೋವು ಇನ್ನೂ ಇದ್ದರೆ ಮೊದಲು ಆಪರೇಷನ್ ಮಾಡಿದವರನ್ನೇ ಕಾಣಿ. ಅವರು ‘ಎಲ್ಲ ಸರಿಯಾಗಿದೆ’ ಎಂದಷ್ಟೇ ಹೇಳಿ ಕಳಿಸಿದರೆ ನೋವಿನ ತಜ್ಞರನ್ನು ಕಾಣಿ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ. ನಮ್ಮಲ್ಲಿ ನೋವಿನ ಚಿಕಿತ್ಸೆ ಕೊಡುವವರು ಬಹುಪಾಲು ಅಲ್ಲಿಯವರೇ. ಆಪರೇಷನ್ನಿನ ಕಾಗದಪತ್ರ ಜೊತೆಗಿರಲಿ. ಯಾಕೆ ಮಾಡಿಸಿಕೊಂಡಿರಿ ಎಂಬ ಪ್ರಶ್ನೆಗೆ ನೀವು ಅಲ್ಲಿ ಉತ್ತರ ಕೊಡಬೇಕಾಗಿಲ್ಲ.